ಗ್ಯಾರೇಜಿಲ್ಲದ ಮನೆಯಂಗಳದಲ್ಲಿ ಎಂಎಕ್ಸ್-5: ಒಂದು ಚಳಿಗಾಲದ ಕೆಲಸದ ದಿನಚರಿ

ಅಕ್ಟೋಬರ್ 19, 2024

ಇಂಗ್ಲೆಂಡಿನ ಕಾವೆಂಟ್ರಿಯ ಹಳೆಯ ಸಾಲುಮನೆಗಳಲ್ಲೊಂದಾದ ನಮ್ಮ ಮನೆಗೆ ಗ್ಯಾರೇಜಿಲ್ಲ. ಮುಂಬಾಗಿಲಿಗೂ ರಸ್ತೆಗೂ ನಡುವೆ ಇಟ್ಟಿಗೆ ಹಾಸಿದ, ಒಂದು ಸಣ್ಣ ಕಾರು ನಿಲ್ಲುವಷ್ಟು ಅಂಗಳವಿದೆ. ಅಲ್ಲಿ ನಮ್ಮ 2001ರ ಮಜ್ದಾ ಎಂಎಕ್ಸ್-5 ನಿಂತಿದೆ. 1998ರಿಂದ 2005ರವರೆಗೆ ತಯಾರಾದ ಎರಡನೆಯ ತಲೆಮಾರಿನ ಕಾರು ಇದು: 1.8 ಲೀಟರ್ ಎಂಜಿನ್, ಎರಡೇ ಸೀಟು, ಹಿಂದಕ್ಕೆ ಮಡಚಿಕೊಳ್ಳುವ ವಿನೈಲ್ ಟಾಪು. ಬ್ರಿಟಿಷರ ಹಳೆಯ ಎರಡು ಸೀಟಿನ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹಿರೋಶಿಮಾದಲ್ಲಿ ಕಟ್ಟಿದ ಈ ಕಾರು, ಒಂದು ಕಾಲಕ್ಕೆ ಟ್ರಯಂಫ್ ಸ್ಪೋರ್ಟ್ಸ್ ಕಾರುಗಳು ತಯಾರಾಗುತ್ತಿದ್ದ ಊರಿಗೇ ಬಂದು ನೆಲೆಸಿರುವುದು ನನಗೆ ನಿಜವಾಗಿಯೂ ಸಂತೋಷದ ಸಂಗತಿ.

ಕಳೆದ ಚಳಿಗಾಲದಲ್ಲಿ ಮಾಡಿದ ತಪ್ಪನ್ನು ಮೊದಲು ಬರೆದಿಡುತ್ತೇನೆ. ನವೆಂಬರಿನಲ್ಲಿ ಅಗ್ಗದ ಪ್ಲಾಸ್ಟಿಕ್ ಕವರನ್ನು ಕಾರಿಗೆ ಬಿಗಿಯಾಗಿ ಹೊದಿಸಿ, ಮಾರ್ಚ್‌ವರೆಗೆ ತೆಗೆದೇ ನೋಡಲಿಲ್ಲ. ತೆಗೆದಾಗ ಸೀಟ್ ಬೆಲ್ಟಿನ ಮೇಲೆ ಬೂದುಹಸಿರು ಬೂಷ್ಟು ಬೆಳೆದಿತ್ತು, ಸ್ಟಿಯರಿಂಗಿನ ಚರ್ಮದ ಮೇಲೆ ಬಿಳಿಯ ಪುಡಿ ಕೂತಿತ್ತು, ಬಲಗಡೆಯ ಸೀಟಿನ ಹಿಂದೆ ಕಾರ್ಪೆಟ್ಟನ್ನು ಒತ್ತಿದರೆ ಬೆರಳಿನ ಸುತ್ತ ನೀರು ಉಕ್ಕುತ್ತಿತ್ತು.

ನಾನು ಬೆಳೆದದ್ದು ತೀರ್ಥಹಳ್ಳಿಯ ಹತ್ತಿರ. ಅಲ್ಲಿಂದ ಹೆಚ್ಚು ದೂರವಿಲ್ಲದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಕಾವೆಂಟ್ರಿಗೆ ಬೀಳುವುದು ಹೆಚ್ಚುಕಡಿಮೆ ಅದರ ಹತ್ತನೆಯ ಒಂದು ಪಾಲು. ಆದರೆ ಇಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಒಮ್ಮೆ ಒದ್ದೆಯಾದದ್ದು ತಾನಾಗಿ ಒಣಗುವುದಿಲ್ಲ, ಆದ್ದರಿಂದ ಮಳೆಯ ಲೆಕ್ಕ ಇಟ್ಟುಕೊಂಡು ಪ್ರಯೋಜನವಿಲ್ಲ. ಮಳೆಗಾಲಕ್ಕೆ ಮುಂಚೆ ಅಪ್ಪಯ್ಯ ಮನೆಯ ಗೋಡೆಯ ಹೊರಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಅದು ಎರಚಲನ್ನು ತಡೆಯುತ್ತಿತ್ತು, ಆದರೆ ಗೋಡೆಗೂ ತಟ್ಟಿಗೂ ನಡುವೆ ಗಾಳಿಯಾಡಲು ಜಾಗವಿರುತ್ತಿತ್ತು. ಅದನ್ನು ಕಣ್ಣಾರೆ ಕಂಡು ಬೆಳೆದವರು ಕಾರಿಗೆ ಗಾಳಿಯಾಡದ ಪ್ಲಾಸ್ಟಿಕ್ ಸುತ್ತಬಾರದಿತ್ತು. ಈ ವರ್ಷದ ಕೆಲಸವೆಲ್ಲ ಎರಡು ಮಾತಿನ ಸುತ್ತ ನಡೆಯಲಿದೆ: ಒಳಗೆ ಬಂದ ನೀರಿಗೆ ಹೊರದಾರಿ ಇರಬೇಕು, ಹೊದಿಕೆಯ ಅಡಿಯಲ್ಲಿ ಗಾಳಿ ಓಡಾಡಬೇಕು.

ಅಕ್ಟೋಬರ್ 26

ಇಡೀ ದಿನ ನೀರು ಹೋಗುವ ಕಿಂಡಿಗಳಿಗೇ ಹೋಯಿತು. ಈ ಕಾರಿನ ಟಾಪಿನ ಮೇಲೆ ಬಿದ್ದ ನೀರಿನಲ್ಲಿ ಒಂದು ಭಾಗ ಟಾಪಿನ ಹಿಂಬದಿಯ ಅಂಚಿನಲ್ಲಿರುವ ಕಾಲುವೆಗೆ ಇಳಿದು, ಅಡಿಕೆ ದಂಬೆಯಲ್ಲಿ ಹರಿಯುವಂತೆ ಎಡಕ್ಕೂ ಬಲಕ್ಕೂ ಹರಿದು, ಸೀಟ್ ಬೆಲ್ಟಿನ ಕಂಬಗಳ ಬುಡದಲ್ಲಿರುವ ಎರಡು ಕಿಂಡಿಗಳ ಮೂಲಕ ಕೆಳಗಿಳಿದು, ಹಿಂದಿನ ಗಾಲಿಗಳ ಮುಂದೆ ನೆಲಕ್ಕೆ ಬೀಳುತ್ತದೆ. ಕಿಂಡಿ ಕಟ್ಟಿಕೊಂಡರೆ ನೀರು ಕಾರ್ಪೆಟ್ಟಿಗೂ ಬಾಗಿಲ ಕೆಳಗಿನ ಟೊಳ್ಳು ಸಿಲ್ಲಿಗೂ ನುಗ್ಗುತ್ತದೆ, ಸಿಲ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊರಗೆ ಬಣ್ಣ ಉಬ್ಬುವ ಹೊತ್ತಿಗೆ ಒಳಗಿನ ತಗಡು ಹೋಗಿರುತ್ತದೆ, ಆಮೇಲೆ ವೆಲ್ಡಿಂಗ್ ಬಿಟ್ಟರೆ ಬೇರೆ ದಾರಿಯಿಲ್ಲ.

ಎಡಗಡೆಯ ಕಿಂಡಿಗೆ ಒಂದು ಲೋಟ ನೀರು ಹೊಯ್ದಾಗ ಎರಡೇ ಕ್ಷಣದಲ್ಲಿ ಅದು ಕೆಳಗೆ ಇಟ್ಟಿಗೆಯ ಮೇಲೆ ಬಿತ್ತು. ಬಲಗಡೆ ಹೊಯ್ದ ಅರ್ಧ ಲೋಟ ಅಲ್ಲಿಯೇ ನಿಂತಿತು. ಕಬ್ಬಿಣದ ತಂತಿ ಹಾಕಿದರೆ ರಬ್ಬರ್ ತೂತಾಗುವ ಭಯವಿರುವುದರಿಂದ, ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರದ ತುದಿಯನ್ನು ಬೆಂಕಿಗೆ ಹಿಡಿದು ಉರುಟು ಮಾಡಿಕೊಂಡು, ಮೆಲ್ಲಗೆ ತಿರುಗಿಸುತ್ತ ಇಳಿಸಿದೆ. ಸುಮಾರು ಒಂದು ಗೇಣು ಇಳಿದ ಮೇಲೆ ಮೆತ್ತಗಿನದೇನೋ ತಡೆಯಿತು. ಹತ್ತು ನಿಮಿಷ ಆಡಿಸಿದ ನಂತರ ನಿಂತಿದ್ದ ನೀರು ಗುಳುಗುಳು ಎಂದು ಇಳಿಯಿತು, ಕೆಳಗೆ ಇಟ್ಟಿದ್ದ ಬಿಳಿಯ ಬೋಗುಣಿಗೆ ಕಪ್ಪು ಕೆಸರು ಬಿತ್ತು. ಅದನ್ನು ನೀರಿನಲ್ಲಿ ಅಲುಗಿಸಿ ನೋಡಿದರೆ ಮುಕ್ಕಾಲು ಪಾಲು ಪಕ್ಕದ ಮನೆಯ ಬರ್ಚ್ ಮರದ ಬೀಜಗಳು. ಎಳ್ಳಿಗಿಂತ ಸಣ್ಣ ಕಾಳು, ಎರಡೂ ಬದಿಗೆ ತೆಳ್ಳನೆಯ ರೆಕ್ಕೆ. ಎಲೆಗಳನ್ನು ಕೈಯಿಂದ ಆಯ್ದು ತೆಗೆಯಬಹುದು, ಕಾಲುವೆಯನ್ನು ನಿಜವಾಗಿ ಕಟ್ಟುವುದು ಈ ಬೀಜಗಳು. ಅವು ಎಂಟು ಲೋಟ ನೀರು ಹೊಯ್ಯುವವರೆಗೂ ಬರುತ್ತಲೇ ಇದ್ದವು.

ನವೆಂಬರ್ 2

ಕಾರನ್ನು ನಿಲ್ಲಿಸುವ ಮುನ್ನ ಅಡಿಭಾಗವನ್ನು ಚೆನ್ನಾಗಿ ತೊಳೆದೆ, ಏಕೆಂದರೆ ಇಲ್ಲಿ ಮಂಜುಗಡ್ಡೆ ಕಟ್ಟದಿರಲೆಂದು ರಸ್ತೆಗೆ ಉಪ್ಪು ಹಾಕುವ ಕಾಲ ಶುರುವಾಗಿದೆ, ಆ ಉಪ್ಪು ತುಕ್ಕು ಹಿಡಿಸುತ್ತದೆ. ಎರಡು ದಿನ ಒಣಗಿದ ಮೇಲೆ ಸಿಲ್ಲುಗಳ ಒಳಗೆ, ಮತ್ತು ಈ ತಲೆಮಾರಿನ ಕಾರಿನಲ್ಲಿ ತುಕ್ಕಿಗೆ ಹೆಸರಾದ ಮುಂಭಾಗದ ಚಾಸಿಯ ಪೊಳ್ಳುಗಳ ಒಳಗೆ, ಉದ್ದ ಕೊಳವೆಯಿಂದ ಮೇಣ ಸಿಂಪಡಿಸಲಿದ್ದೇನೆ.

ರಸ್ತೆಗೆ ಇಳಿಸುವುದಿಲ್ಲವೆಂಬ ಘೋಷಣೆಯನ್ನು, ಅಂದರೆ ಇಲ್ಲಿಯವರು ಸಾರ್ನ್ ಎನ್ನುವುದನ್ನು, ಸಲ್ಲಿಸಿದ್ದಾಯಿತು. ಅದಕ್ಕೆ ಶುಲ್ಕವಿಲ್ಲ, ಉಳಿದ ಪೂರ್ಣ ತಿಂಗಳುಗಳ ರಸ್ತೆ ತೆರಿಗೆ ಮರಳಿ ಬರುತ್ತದೆ, ಆದರೆ ಕಾರು ಸ್ವಂತ ಜಾಗದಲ್ಲಿಯೇ ಇರಬೇಕು. ವಿಮೆಯನ್ನು ಮಾತ್ರ ನಿಲ್ಲಿಸಲಿಲ್ಲ; ಬೀದಿಗೆ ತೆರೆದ ಅಂಗಳದಲ್ಲಿ ಕಳವಿನ ಭಯ ಇದ್ದೇ ಇದೆ.

ನವೆಂಬರ್ 10

ಹ್ಯಾಂಡ್‌ಬ್ರೇಕ್ ಹಾಕದೆ, ಕಾರನ್ನು ಗೇರಿನಲ್ಲಿಟ್ಟು ಗಾಲಿಗಳಿಗೆ ಮರದ ತುಂಡುಗಳನ್ನು ಅಡ್ಡ ಕೊಟ್ಟಿದ್ದೇನೆ. ಈ ಕಾರಿನಲ್ಲಿ ಹಿಂದಿನ ಗಾಲಿಯ ತಟ್ಟೆಯನ್ನು ಅಮುಕಿ ಹಿಡಿಯುವ ಬ್ರೇಕ್ ಕ್ಯಾಲಿಪರಿನೊಳಗೇ ಹ್ಯಾಂಡ್‌ಬ್ರೇಕಿನ ಯಂತ್ರವೂ ಇರುವುದರಿಂದ, ತಿಂಗಳುಗಟ್ಟಲೆ ಎಳೆದಿಟ್ಟರೆ ಅದು ಅಲ್ಲಿಯೇ ಕಚ್ಚಿಕೊಳ್ಳುವುದು ಮಾಮೂಲು. ಸಾಮಾನ್ಯವಾಗಿ 26 ಪಿಎಸ್‌ಐ ಇರುವ ಟೈರುಗಳಿಗೆ, ಒಂದೇ ಕಡೆ ಒತ್ತಿ ಚಪ್ಪಟೆಯಾಗದಿರಲೆಂದು, 36ರವರೆಗೆ ಗಾಳಿ ತುಂಬಿಸಿದೆ. ಟ್ಯಾಂಕಿನಲ್ಲಿ ಖಾಲಿ ಜಾಗ ಉಳಿದರೆ ಒಳಗೆ ನೀರಿನ ಹನಿ ಕಟ್ಟುವುದರಿಂದ, ಎಥೆನಾಲ್ ಕಡಿಮೆಯಿರುವ ಇ5 ಪೆಟ್ರೋಲನ್ನು ಪೂರ್ತಿ ತುಂಬಿಸಿಯೂ ಆಗಿದೆ.

ಬ್ಯಾಟರಿ ಡಿಕ್ಕಿಯಲ್ಲಿದೆ. ಮೊದಲು ಸಣ್ಣ ಸೌರಫಲಕದ ಯೋಚನೆ ಇತ್ತು, ಆದರೆ ಡಿಸೆಂಬರಿನಲ್ಲಿ ಇಲ್ಲಿ ಎಂಟು ಗಂಟೆಯೂ ಹಗಲಿರುವುದಿಲ್ಲ, ಕವರಿನ ಅಡಿಯಲ್ಲಂತೂ ಬೆಳಕೇ ಇಲ್ಲ. ಹಾಗಾಗಿ ಬ್ಯಾಟರಿಯನ್ನು ಬಿಚ್ಚಿ ಒಳಗೆ ತಂದು ಚಾರ್ಜರಿಗೆ ಹಾಕಿದೆ; ಮೀಟರು 12.7 ವೋಲ್ಟ್ ತೋರಿಸುತ್ತಿದೆ. ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸಿದರೆ ಒಳ್ಳೆಯದೆಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ: ಅಷ್ಟು ಹೊತ್ತಿನಲ್ಲಿ ಎಣ್ಣೆ ಬಿಸಿಯಾಗುವುದಿಲ್ಲ, ಸೈಲೆನ್ಸರಿನಲ್ಲಿ ನೀರು ಮಾತ್ರ ಉಳಿಯುತ್ತದೆ.

ಹೊಸ ಕವರು ಹಲವು ಪದರಗಳ ಬಟ್ಟೆಯದು. ಆವಿಯನ್ನು ಹೊರಗೆ ಬಿಡುತ್ತದೆ, ಒಳಮೈ ಮೆತ್ತಗಿದೆ. ಕಾರನ್ನು ತೊಳೆದು, ಪೂರ್ತಿ ಒಣಗಿಸಿ, ಕಿಟಕಿಗಳನ್ನು ಒಂದು ಬೆರಳಷ್ಟು ಇಳಿಸಿ ಹೊದಿಸಿದೆ. ವಿಡಿಯೊ ಕರೆಯಲ್ಲಿ ತೋರಿಸಿದಾಗ ಅಪ್ಪಯ್ಯ ಕೇಳಿದ್ದು ಒಂದೇ ಪ್ರಶ್ನೆ: “ಅಡಿಗೆ ಗಾಳಿ ಆಡ್ತದಾ?” ಕವರಿನ ಅಂಚು ನೆಲದಿಂದ ಒಂದು ಗೇಣು ಮೇಲಿದೆ ಎಂದು ಫೋನನ್ನು ಬಗ್ಗಿಸಿ ತೋರಿಸಿದ ಮೇಲೆ ಅವರಿಗೆ ಸಮಾಧಾನವಾಯಿತು.

ಡಿಸೆಂಬರ್ 7

ಡಾರಾ ಬಿರುಗಾಳಿ ರಾತ್ರಿಯಿಡೀ ಬೀಸಿದೆ. ಬೆಳಗಿನ ಜಾವ ಪಟಪಟ ಸದ್ದು ಕೇಳಿ ಹೊರಗೆ ಹೋದಾಗ, ಹೊಟ್ಟೆಯ ಅಡಿಯ ಪಟ್ಟಿಗಳಲ್ಲೊಂದು ಬಿಚ್ಚಿಕೊಂಡು ಕವರಿನ ಹಿಂಭಾಗ ಡಿಕ್ಕಿಯ ಮೂಲೆಗೆ ಬಡಿಯುತ್ತಿತ್ತು. ಧೂಳು ಸೇರಿದ ಬಟ್ಟೆ ಗಾಳಿಗೆ ಆಡಿದರೆ ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ಆ ಮೂಲೆಯಲ್ಲಿ ಅಂಗೈಯಗಲ ಬಣ್ಣದ ಹೊಳಪು ಹೋಗಿದೆ. ಮಳೆಯಲ್ಲಿಯೇ ಕವರನ್ನು ತೆಗೆದುಬಿಟ್ಟೆ. ಗಾಳಿಯ ಮುನ್ನೆಚ್ಚರಿಕೆ ಬಂದ ದಿನ ಕಾರು ಬರಿಮೈಯಲ್ಲಿ ನೆನೆಯುವುದೇ ಲೇಸೆಂದು ಈಗ ನಿರ್ಧರಿಸಿದ್ದೇನೆ. ಕಿಂಡಿಗಳು ತೆರೆದಿದ್ದರೆ ಮಳೆಯಿಂದ ಈ ಕಾರಿಗೆ ತೊಂದರೆಯಿಲ್ಲ.

ಜನವರಿ 5, 2025

ಹಿಮ ಬಿದ್ದಿದೆ. ಟಾಪು ಜಗ್ಗದಿರಲೆಂದು ಮೆತ್ತಗಿನ ಪೊರಕೆಯಿಂದ ಗುಡಿಸಿದೆ.

ಫೆಬ್ರವರಿ 8

ಒಳಗಿನ ತೇವಾಂಶ ಅಳೆಯುವ ಸಣ್ಣ ಮೀಟರನ್ನು ಗೇರಿನ ಹತ್ತಿರ ಇಟ್ಟಿದ್ದೇನೆ. ಡಿಸೆಂಬರಿನ ಕೊನೆಯಲ್ಲಿ 84 ಪ್ರತಿಶತ ಇತ್ತು. ನೀರು ಹೀರಿ ದ್ರವವಾಗುವ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿಗಳು ಅಗ್ಗ, ಆದರೆ ಡಬ್ಬಿ ಮಗುಚಿದರೆ ಆ ಉಪ್ಪುನೀರು ಕಾರ್ಪೆಟ್ಟಿನ ಅಡಿಯ ಲೋಹವನ್ನೇ ತಿನ್ನುತ್ತದೆ. ಅದಕ್ಕಾಗಿ ಸಿಲಿಕಾ ಜೆಲ್ ತುಂಬಿದ ಎರಡು ಚೀಲಗಳನ್ನು ಸೀಟಿನ ಕೆಳಗೆ ಇಟ್ಟು, ಭಾನುವಾರಕ್ಕೊಮ್ಮೆ ಮನೆ ಬೆಚ್ಚಗಿಡುವ ರೇಡಿಯೇಟರಿನ ಮೇಲೆ ಒಣಗಿಸುತ್ತಿದ್ದೇನೆ. ಒಣಗಿಸುವಾಗ ಅಂಗಳದಲ್ಲಿ ಕವರನ್ನೂ ಒಂದೆರಡು ಗಂಟೆ ತೆಗೆದಿಡುತ್ತೇನೆ. ಇಂದು ಮೀಟರು 66 ತೋರಿಸಿತು. ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿದೆ, ಬೂಷ್ಟಿಲ್ಲ.

ಮಾರ್ಚ್ 22

ಒಂದು ವಾರದಿಂದ ಒಳ್ಳೆಯ ಬಿಸಿಲಿದೆ. ಬ್ಯಾಟರಿ ಜೋಡಿಸಿ, ಅದರ ಅನಿಲ ಹೊರಹೋಗುವ ಸಣ್ಣ ಕೊಳವೆಯನ್ನು ಮರೆಯದೆ ಸಿಕ್ಕಿಸಿ, ಟೈರನ್ನು 26ಕ್ಕೆ ಇಳಿಸಿ ಕೀಲಿ ತಿರುಗಿಸಿದಾಗ ಎಂಜಿನ್ ಎರಡನೆಯ ಸುತ್ತಿಗೇ ಹಿಡಿದುಕೊಂಡಿತು. ಮೊದಲೇ ಸಮಯ ಗೊತ್ತುಮಾಡಿಕೊಂಡಿದ್ದರೆ, ಸಾರ್ನ್ ಇರುವಾಗಲೂ ಕಾರು ರಸ್ತೆಗೆ ಯೋಗ್ಯವೇ ಎಂದು ವರ್ಷಕ್ಕೊಮ್ಮೆ ನೋಡುವ ಎಂಒಟಿ ತಪಾಸಣೆಗೆ ನೇರವಾಗಿ ಓಡಿಸಿಕೊಂಡು ಹೋಗಬಹುದು, ಹಾಗೆಯೇ ಹೋದೆ. ತಪಾಸಕರು ಕಾರನ್ನು ಎತ್ತಿ ಎರಡೂ ಸಿಲ್ಲುಗಳನ್ನು ಉದ್ದಕ್ಕೂ ತಟ್ಟಿ ನೋಡುತ್ತಿದ್ದಾಗ ನಾನು ಗಾಜಿನಾಚೆ ನಿಂತು ಆ ಸದ್ದನ್ನೇ ಆಲಿಸುತ್ತಿದ್ದೆ: ಎಡಗಡೆ ಎಲ್ಲಿಯೂ ಬದಲಾಗಲಿಲ್ಲ, ಬಲಗಡೆ ಹಿಂಗಾಲಿಯ ಹತ್ತಿರ ಒಂದು ಕಡೆ ಸ್ವಲ್ಪ ಮಂಕಾಯಿತು. ಕಾರು ಪಾಸಾಗಿದೆ, ಆ ಜಾಗದಲ್ಲಿ ತುಕ್ಕು ಶುರುವಾಗಿದೆಯೆಂದು ಸೂಚನೆ ಬರೆದಿದ್ದಾರೆ. ಬರ್ಚ್ ಬೀಜ ಕಟ್ಟಿಕೊಂಡಿದ್ದ ಕಿಂಡಿಯ ಕೆಳಗಿನ ಜಾಗವೇ ಅದು. ಏಪ್ರಿಲ್‌ನಲ್ಲಿ ಅಲ್ಲಿ ತಗಡು ಬಿಡಿಸಿ ನೋಡಿ, ಬೇಕಾದಷ್ಟು ಕತ್ತರಿಸಿ ವೆಲ್ಡಿಂಗ್ ಮಾಡಿಸಬೇಕು. ಅದಕ್ಕೆ ಮೊದಲು ಇಂದು ಸಂಜೆ ಎರಡೂ ಕಿಂಡಿಗಳಿಗೆ ಮತ್ತೊಮ್ಮೆ ಒಂದೊಂದು ಲೋಟ ನೀರು ಹೊಯ್ದೆ, ಎರಡೂ ಕಡೆ ಕೂಡಲೇ ಇಳಿಯಿತು.