ಒಂದನೇ ಗೇರು ನಡುಗುತ್ತದೆ, ಎರಡನೆಯದು ನಡುಗುವುದಿಲ್ಲ

14 ಜೂನ್ 2024, ಶುಕ್ರವಾರ
ಬೆಂಗಳೂರು

ಬುಧವಾರದಿಂದ ಲಿಫ್ಟಿನ ಮೇಲಿರುವುದು ಎರಡನೇ ತಲೆಮಾರಿನ ಆಡಿ ಟಿಟಿ, 2.0 ಟಿಎಫ್‌ಎಸ್‌ಐ. ಓಡಿದ್ದು 71,000 ಕಿ.ಮೀ. ದೂರು ಒಂದೇ. ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ತೆವಳಿ ಬಂದ ಮೇಲೆ ಬೇಸ್‌ಮೆಂಟ್ ಪಾರ್ಕಿಂಗಿನ ಇಳಿಜಾರಿನಲ್ಲಿ ರಿವರ್ಸ್ ಹಾಕಿ ಮೇಲಕ್ಕೆ ಬಂದರೆ ಗಾಡಿ ಗಡಗಡ ನಡುಗುತ್ತದೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಏನೂ ಇಲ್ಲ. ಬೇರೆ ಗ್ಯಾರೇಜೊಂದರಲ್ಲಿ "ಮೆಕಾಟ್ರಾನಿಕ್ ಹೋಗಿದೆ ಸಾರ್, ಹೊಸದೇ ಹಾಕ್ಬೇಕು" ಅಂದಿದ್ದಾರೆ. ಮೆಕಾಟ್ರಾನಿಕ್ ಅಂದರೆ ಗೇರ್‌ಬಾಕ್ಸನ್ನು ನಡೆಸುವ ಕಂಪ್ಯೂಟರ್ ಮತ್ತು ಆಯಿಲ್ ವಾಲ್ವುಗಳ ಜೋಡಣೆ. ಸ್ಕ್ಯಾನರ್ ಹಾಕಿ ನೋಡಿದರೆ ಒಂದೇ ಒಂದು ಫಾಲ್ಟ್ ಕೋಡ್ ಇಲ್ಲ.

ಕೋಡ್ ಇಲ್ಲದ ಗಾಡಿಗೆ ಲಕ್ಷಗಟ್ಟಲೆ ಬೆಲೆಯ ಮೆಕಾಟ್ರಾನಿಕ್ ಬದಲಿಸಿ ಅನ್ನುವುದು ಊಹೆಯ ಮಾತು. ಈ ಗೇರ್‌ಬಾಕ್ಸಿನ ಕಾಯಿಲೆ ಎಲ್ಲಿದೆ ಎಂದು ಅದನ್ನೇ ಕೇಳಿದರೆ ಮುಕ್ಕಾಲು ಪಾಲು ಅದೇ ಹೇಳುತ್ತದೆ. ಕೇಳುವ ಕ್ರಮ ಗೊತ್ತಿರಬೇಕು ಅಷ್ಟೆ. ಅದಕ್ಕಾಗಿಯೇ ಇವತ್ತಿನ ಈ ಟಿಪ್ಪಣಿ.

ಇದರಲ್ಲಿರುವುದು ಡಿಕ್ಯೂ250. 2003ರಲ್ಲಿ ಗಾಲ್ಫ್ ಆರ್32 ಮತ್ತು ಟಿಟಿ 3.2ರಲ್ಲಿ ಮೊದಲು ಬಂದ ಆರು ಗೇರಿನ, ಆಯಿಲಿನಲ್ಲಿ ಮುಳುಗಿದ ಕ್ಲಚ್ಚಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಹೊರಗೊಂದು ಒಳಗೊಂದು ಎಂಬಂತೆ ಎರಡು ಕ್ಲಚ್ ಒಂದೇ ಡ್ರಮ್ಮಿನಲ್ಲಿ ಕೂತಿವೆ. ಹೊರಗಿನ ಕೆ1 ಕ್ಲಚ್ ಓಡಿಸುವುದು 1, 3, 5 ಮತ್ತು ರಿವರ್ಸ್. ಒಳಗಿನ ಕೆ2 ಓಡಿಸುವುದು 2, 4, 6. ಎರಡು ಪ್ರತ್ಯೇಕ ಗೇರ್‌ಬಾಕ್ಸುಗಳನ್ನು ಒಂದೇ ಹೊಟ್ಟೆಯೊಳಗೆ ಇಟ್ಟ ಹಾಗೆ. ಪೋರ್ಶೆ 911ರ ಪಿಡಿಕೆ ಎಂಬ ಇಂಥದೇ ಗೇರ್‌ಬಾಕ್ಸಿನಲ್ಲೂ ಬೆಸ ಗೇರು ಮತ್ತು ರಿವರ್ಸ್ ಒಂದು ಕಡೆ, ಸಮ ಗೇರು ಇನ್ನೊಂದು ಕಡೆ. ಹಾಗಾಗಿ ಮುಂದೆ ಹೇಳುವ ತರ್ಕ ಅಲ್ಲೂ ನಡೆಯುತ್ತದೆ, ಆದರೆ ಅಳತೆಗಳು ಬೇರೆ. ಪೋಲೊ ಜಿಟಿ ಟಿಎಸ್‌ಐನಲ್ಲಿರುವ ಏಳು ಗೇರಿನ ಡಿಕ್ಯೂ200ರದು ಒಣ ಕ್ಲಚ್. ಅದಕ್ಕೆ ಇಲ್ಲಿನ ಆಯಿಲ್ ವಿಚಾರ ಅನ್ವಯಿಸಬೇಡಿ.

ತರ್ಕ ಹೀಗೆ. ಒಂದು ಮತ್ತು ರಿವರ್ಸ್ ಎರಡೂ ನಡುಗಿ, ಉರುಳುತ್ತಿರುವಾಗ ಎರಡನೇ ಗೇರಿನಲ್ಲಿ ನಿಧಾನಕ್ಕೆ ಎಳೆದರೆ ನುಣುಪಾಗಿದ್ದರೆ, ತೊಂದರೆ ಕೆ1ರ ಕಡೆ: ಅದರ ಫ್ರಿಕ್ಷನ್ ಪ್ಲೇಟು, ಅದಕ್ಕೆ ಒತ್ತಡ ಕೊಡುವ ಎನ್215 ವಾಲ್ವ್, ನಡುವಿನ ಸೀಲ್ ರಿಂಗುಗಳು. ಎರಡನೆಯದು ಮಾತ್ರ ನಡುಗಿದರೆ ಕೆ2 ಮತ್ತು ಎನ್216. ಎಲ್ಲದರಲ್ಲೂ ನಡುಕವಿದ್ದರೆ ಎರಡಕ್ಕೂ ಸಾಮಾನ್ಯವಾದದ್ದನ್ನು ನೋಡಿ: ಆಯಿಲ್ ಮಟ್ಟ, ಮುಖ್ಯ ಒತ್ತಡ, ಡ್ಯುಯಲ್ ಮಾಸ್ ಫ್ಲೈವೀಲ್ (ಇಂಜಿನ್ನಿನ ಅದುರನ್ನು ನುಂಗುವ ಭಾರದ ಚಕ್ರ), ಇಂಜಿನ್ ಮೌಂಟಿಂಗ್. ರಿವರ್ಸ್ ಒಂದರಲ್ಲೇ ತೊಂದರೆಯಿದ್ದು ಮೊದಲ ಗೇರು ಸರಿಯಿದ್ದರೆ ಕ್ಲಚ್ಚನ್ನು ಬಿಟ್ಟುಬಿಡಿ. ಅದೇ ಕ್ಲಚ್ ಒಂದನೇ ಗೇರನ್ನೂ ಎಳೆಯುತ್ತಿದೆಯಲ್ಲ! ಆಗ ನೋಡಬೇಕಾದದ್ದು ಆ ಗೇರನ್ನು ಸರಿಸುವ ಫೋರ್ಕು, ಗೇರು ಕೂಡುವಾಗ ವೇಗ ಹೊಂದಿಸುವ ಸಿಂಕ್ರೊ, ಫೋರ್ಕಿನ ಸ್ಥಾನ ಓದುವ ಸೆನ್ಸರ್. ಫೋರ್ಕಿನ ಮೇಲಿನ ಅಯಸ್ಕಾಂತಕ್ಕೆ ಲೋಹದ ಪುಡಿ ಅಂಟಿಕೊಂಡರೆ ಸೆನ್ಸರ್ ತಪ್ಪು ಅಳತೆ ಕೊಡುತ್ತದೆ.

ಲಿಂಪ್ ಮೋಡೂ, ಅಂದರೆ ದೋಷ ಕಂಡಾಗ ಗಾಡಿ ಕೆಲವೇ ಗೇರಿನಲ್ಲಿ ಕುಂಟುತ್ತಾ ಓಡುವ ಸ್ಥಿತಿಯೂ, ಇದೇ ಭಾಷೆ ಮಾತಾಡುತ್ತದೆ. ಗಾಡಿ 1 ಮತ್ತು 3ರಲ್ಲಿ ಮಾತ್ರ ಓಡುತ್ತಿದ್ದರೆ ಸಮ ಗೇರಿನ ಅರ್ಧವನ್ನು ಕಂಪ್ಯೂಟರ್ ಕಡಿದುಹಾಕಿದೆ. ಬರೀ ಎರಡನೇ ಗೇರಿನಲ್ಲಿ ಓಡಿ, ರಿವರ್ಸೇ ಬೀಳದಿದ್ದರೆ ಬೆಸ ಅರ್ಧ ಹೋಗಿದೆ. ಟೋ ಮಾಡಿಸುವ ಮೊದಲು ಮಾಲೀಕರಿಗೆ ಫೋನಿನಲ್ಲೇ "ರಿವರ್ಸ್ ಬೀಳ್ತಿದೆಯಾ?" ಎಂದು ಕೇಳಿ. ಅರ್ಧ ರೋಗ ಅಲ್ಲೇ ತಿಳಿಯುತ್ತದೆ.

ಜಾರುವಿಕೆ ನೋಡುವುದು ಬೇರೆ ಪರೀಕ್ಷೆ. ಖಾಲಿ ರಸ್ತೆಯಲ್ಲಿ ಮ್ಯಾನುಯಲ್ ಮೋಡಿಗೆ ಹಾಕಿ, ಆರನೇ ಗೇರಿನಲ್ಲಿ ಕಡಿಮೆ ಆರ್‌ಪಿಎಂನಿಂದ ಆಕ್ಸಿಲರೇಟರನ್ನು ಚೆನ್ನಾಗಿ ಒತ್ತಬೇಕು. ಕಿಕ್‌ಡೌನ್ ತನಕ, ಅಂದರೆ ಪೆಡಲ್ ಪೂರ್ತಿ ತಳ ಮುಟ್ಟುವ ತನಕ, ಒತ್ತಿದರೆ ಗೇರು ಇಳಿದುಬಿಡುತ್ತದೆ, ಅದಕ್ಕಿಂತ ಸ್ವಲ್ಪ ಮೇಲೇ ನಿಲ್ಲಿಸಿ. ವೇಗ ಏರದೆ ಆರ್‌ಪಿಎಂ ಮಾತ್ರ ಹಾರಿದರೆ ಕೆ2 ಜಾರುತ್ತಿದೆ. ಐದರಲ್ಲಿ ಅದೇ ಮಾಡಿದರೆ ಕೆ1ರ ಪರೀಕ್ಷೆ. ಕಣ್ಣಂದಾಜು ಸಾಲದು. ಸ್ಕ್ಯಾನರಿನಲ್ಲಿ ಇಂಜಿನ್ ಆರ್‌ಪಿಎಂ ಜೊತೆ ಎರಡು ಇನ್‌ಪುಟ್ ಶಾಫ್ಟುಗಳ ವೇಗ, ಅಂದರೆ ಜಿ501 ಮತ್ತು ಜಿ502, ರೆಕಾರ್ಡ್ ಮಾಡಿ. ಇಂಜಿನ್ನಿಗೂ ಆ ಶಾಫ್ಟಿಗೂ ಇರುವ ಅಂತರವೇ ಜಾರು. ಈ ಕ್ಲಚ್ಚುಗಳನ್ನು ಸದಾ ಒಂದಿಷ್ಟು ಜಾರಿಸಿಕೊಂಡೇ ಓಡಿಸುವುದು ವಿನ್ಯಾಸದಲ್ಲೇ ಇದೆ, ಸಣ್ಣ ಅಂತರ ಕಂಡು ಹೆದರಬೇಕಿಲ್ಲ. ಲೋಡ್ ಬಿದ್ದಾಗ ಅಂತರ ಬೆಳೆಯುತ್ತಾ ಹೋದರೆ ಹೆದರಿ.

ಈ ಟಿಟಿಯಲ್ಲಿ ಐದೂ ಜಾರಲಿಲ್ಲ, ಆರೂ ಜಾರಲಿಲ್ಲ. ಬಿಸಿಯಾದ ಮೇಲೆ ಒಂದು ಮತ್ತು ರಿವರ್ಸ್ ನಡುಗಿದವು, ಎರಡು ನಡುಗಲಿಲ್ಲ. ಅಂದರೆ ಕೆ1, ಅದೂ ಬಿಸಿಯಲ್ಲಿ ಮಾತ್ರ. ನ್ಯೂಟ್ರಲ್ಲಿನಲ್ಲಿ ಐಡಲ್ ಬಿಟ್ಟು ಕಿವಿಗೊಟ್ಟರೆ ಫ್ಲೈವೀಲಿನ ಕಟಕಟ ಸದ್ದಿಲ್ಲ. ಮಿಸ್‌ಫೈರ್, ಅಂದರೆ ಇಂಧನ ಸರಿಯಾಗಿ ಹೊತ್ತಿಕೊಳ್ಳದೆ ಹೋದ ಸಲಗಳ ಲೆಕ್ಕ, ನಾಲ್ಕೂ ಸಿಲಿಂಡರಿನಲ್ಲಿ ಸೊನ್ನೆ. ಇದನ್ನು ಮರೆಯದೆ ನೋಡಬೇಕು, ಏಕೆಂದರೆ ಸೋತ ಇಗ್ನಿಷನ್ ಕಾಯಿಲ್ ಕೊಡುವ ಜರ್ಕು ಕ್ಲಚ್ ನಡುಕದ ಹಾಗೇ ಇರುತ್ತದೆ.

ಬಿಸಿ ಎಲ್ಲಿಂದ? ಇಳಿಜಾರಿನಲ್ಲಿ ಬ್ರೇಕ್ ಬಿಟ್ಟು ಬರೀ ಆಕ್ಸಿಲರೇಟರಿನಿಂದ ಗಾಡಿಯನ್ನು ತಡೆದು ನಿಲ್ಲಿಸುವ ಅಭ್ಯಾಸ ಹಲವರಿಗಿದೆ. ಕ್ಲಚ್ ಆಗ 50 ನ್ಯೂಟನ್ ಮೀಟರ್ ಟಾರ್ಕನ್ನು 1,000 ಆರ್‌ಪಿಎಂನಲ್ಲಿ ಜಾರುತ್ತಾ ನುಂಗುತ್ತಿದ್ದರೆ, ಹುಟ್ಟುವ ಶಾಖ 5 ಕಿಲೋವ್ಯಾಟಿಗೂ ಹೆಚ್ಚು. 2 ಕಿಲೋವ್ಯಾಟಿನ ಎರಡು ಗೀಸರುಗಳನ್ನು ಒಂದು ಊಟದ ತಟ್ಟೆಯಷ್ಟು ಜಾಗದಲ್ಲಿ ಹಾಕಿದರೂ ಅಷ್ಟಾಗುವುದಿಲ್ಲ. ಆ ಶಾಖವನ್ನು ಹೊತ್ತೊಯ್ಯುವುದು ಪ್ಲೇಟುಗಳ ನಡುವೆ ಹರಿಯುವ ಆಯಿಲ್ ಮಾತ್ರ. ಸ್ಕ್ಯಾನರಿನಲ್ಲಿ ಕ್ಲಚ್ಚಿನ ಆಯಿಲ್ ತಾಪ ಜಿ509 ಸರಸರ ಏರುವುದು, ಒಟ್ಟು ಆಯಿಲಿನ ತಾಪ ಜಿ93 ಹಿಂದೆ ನಿಧಾನಕ್ಕೆ ಬರುವುದು ಕಣ್ಣೆದುರೇ ಕಾಣುತ್ತದೆ. ಆಯಿಲ್ ತೀರಾ ಬಿಸಿಯಾದರೆ ಮೊದಲು ಇಂಜಿನ್ ಟಾರ್ಕು ತಗ್ಗುತ್ತದೆ, ಅದಕ್ಕೂ ಬಗ್ಗದಿದ್ದರೆ ಕ್ಲಚ್ಚೇ ಬಿಟ್ಟುಕೊಳ್ಳುತ್ತದೆ.

ಹಾಗಾಗಿ ಗುರುವಾರ ಬೆಳಿಗ್ಗೆ ಮೊದಲ ಕೆಲಸ ಆಯಿಲ್ ಇಳಿಸಿ ಅಳೆಯುವುದು. ರಾತ್ರಿಯಿಡೀ ತಣ್ಣಗಾದ ಗಾಡಿ. ಮೇಲೆ ಏರ್ ಫಿಲ್ಟರ್ ಬಾಕ್ಸ್ ತೆಗೆದರೆ ಗೇರ್‌ಬಾಕ್ಸಿನ ಕಪ್ಪು ಪ್ಲಾಸ್ಟಿಕ್ ಫಿಲ್ಟರ್ ಮುಚ್ಚಳ ಸಿಗುತ್ತದೆ, 24ರ ಸಾಕೆಟ್ ಬೇಕು. ಏಳೆಂಟು ಸುತ್ತು ಬಿಚ್ಚಿ ಹತ್ತು ನಿಮಿಷ ಬಿಡಿ, ಒಳಗಿನ ಆಯಿಲ್ ಕೆಳಗಿಳಿಯುತ್ತದೆ. ಕೆಳಗೆ 14ರ ಅಲೆನ್‌ನಿಂದ ಡ್ರೈನ್ ಪ್ಲಗ್ ಬಿಚ್ಚಿದರೆ ಸ್ವಲ್ಪವೇ ಸುರಿದು ನಿಲ್ಲುತ್ತದೆ. "ಇಷ್ಟೇನಾ" ಎಂದುಕೊಳ್ಳಬೇಡಿ. ಒಳಗೆ ಮಟ್ಟ ಹಿಡಿಯುವ ಪ್ಲಾಸ್ಟಿಕ್ ಕೊಳವೆಯಿದೆ. ಅದನ್ನು 8ರ ಅಲೆನ್‌ನಿಂದ ತಿರುಗಿಸಿ ತೆಗೆದ ಮೇಲೇ ನಿಜವಾದ ಡ್ರೈನ್. ಕ್ವಾಟ್ರೋ ಗಾಡಿಯಾದರೆ ಹಿಂದಿನ ಚಕ್ರಕ್ಕೆ ಬಲ ಕೊಡುವ ಬೆವೆಲ್ ಬಾಕ್ಸಿನ ಆಯಿಲ್ ಬೇರೆಯೇ, ಅದರ ಪ್ಲಗ್ಗನ್ನು ಬಿಚ್ಚಬೇಡಿ.

ಅಳತೆಪಾತ್ರೆಯಲ್ಲಿ ಬಂದದ್ದು 4.4 ಲೀಟರ್. ಸರ್ವಿಸ್ ಮಾಡಿದಾಗ ಇದಕ್ಕೆ ಮತ್ತೆ ಹಿಡಿಸುವುದು ಸುಮಾರು 5.2 ಲೀಟರ್. ಮುಕ್ಕಾಲು ಲೀಟರಿನಷ್ಟು ಕಡಿಮೆ. ಎಲ್ಲೂ ಲೀಕ್ ಇಲ್ಲ, ಕೂಲರ್ ಒಳಗೆ ನೀರು ಬೆರೆತ ಹಾಲುಬಣ್ಣವೂ ಇಲ್ಲ. ಅಂದರೆ ಹಿಂದಿನ ಸಲ ಹಾಕುವಾಗಲೇ ಕಡಿಮೆ ಹಾಕಿದ್ದಾರೆ.

ಈ ತಪ್ಪು ಆಗುವುದು ಎರಡು ರೀತಿ. ಇಂಜಿನ್ ನಿಲ್ಲಿಸಿ ಮಟ್ಟ ನೋಡಿದರೆ, ಓಡುವಾಗ ಪಂಪು ಫಿಲ್ಟರಿಗೂ ಕೂಲರಿಗೂ ಮೆಕಾಟ್ರಾನಿಕ್ಕಿಗೂ ಎತ್ತಿಕೊಳ್ಳಬೇಕಾದ ಆಯಿಲೆಲ್ಲ ಕೆಳಗೇ ಇರುತ್ತದೆ. ಮಟ್ಟ ಹೆಚ್ಚೆನಿಸಿ ಹೊರಗೆ ಬಿಟ್ಟುಬಿಡುತ್ತಾರೆ. ಇನ್ನೊಂದು, ಬಿಸಿಯಲ್ಲಿ ನೋಡುವುದು. ಆಯಿಲ್ ಪ್ರತಿ ಡಿಗ್ರಿಗೆ ಸುಮಾರು 0.07 ಶೇಕಡಾ ಹಿಗ್ಗುತ್ತದೆ. ಒಟ್ಟು ಏಳು ಲೀಟರಿಗೆ 30 ಡಿಗ್ರಿ ಹೆಚ್ಚಾದರೆ ಸುಮಾರು 150 ಮಿಲಿಲೀಟರ್ ಸುಮ್ಮನೆ ಹೊರಗೆ ಹೋಗುತ್ತದೆ. ಬಿಸಿಯ ತಪ್ಪೊಂದರಿಂದಲೇ ಇಷ್ಟೊಂದು ಕೊರತೆ ಬರುವುದಿಲ್ಲ. ಇಲ್ಲಿ ಇಂಜಿನ್ ನಿಲ್ಲಿಸಿಯೇ ತುಂಬಿಸಿರಬೇಕು. ಟಿಟಿಯಂಥ ಗಾಡಿಯನ್ನು ಘಾಟಿಯ ತಿರುವಿನಲ್ಲಿ ಜೋರಾಗಿ ತಿರುಗಿಸಿದಾಗ ಆಯಿಲ್ ಒಂದು ಪಕ್ಕಕ್ಕೆ ನುಗ್ಗುತ್ತದೆ. ಮಟ್ಟ ಕಡಿಮೆಯಿದ್ದರೆ ಪಂಪು ಗಾಳಿ ಎಳೆಯುವ ಅಪಾಯ ಅಲ್ಲೇ ಇದೆ.

ಇಳಿಸಿದ ಆಯಿಲ್ ಗಾಢ ಕಂದು, ಸುಟ್ಟ ವಾಸನೆ ಸಣ್ಣಗಿದೆ. ಕಿತ್ತ ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿದರೆ ಕಪ್ಪು ನುಣುಪು ಪುಡಿಯಿದೆ, ಹೊಳೆಯುವ ಲೋಹದ ಚೂರಿಲ್ಲ. ಚೂರು ಸಿಕ್ಕಿದ್ದರೆ ಇಲ್ಲಿಗೇ ನಿಲ್ಲಿಸಿ ಗೇರ್‌ಬಾಕ್ಸ್ ಇಳಿಸಬೇಕಿತ್ತು.

ತುಂಬಿಸಿದ ಕ್ರಮ: ಹೊಸ ಫಿಲ್ಟರ್, ಹೊಸ ಓರಿಂಗ್, ಮುಚ್ಚಳ 20 ನ್ಯೂಟನ್ ಮೀಟರ್. ಮಟ್ಟದ ಕೊಳವೆ ಬರೀ 3 ನ್ಯೂಟನ್ ಮೀಟರ್, ಅದು ಪ್ಲಾಸ್ಟಿಕ್, ಕೈಬಲ ತೋರಿಸಿದರೆ ಮುರಿಯುತ್ತದೆ. ಡ್ರೈನ್ ರಂಧ್ರಕ್ಕೇ ಅಡಾಪ್ಟರ್ ಸಿಕ್ಕಿಸಿ ಕೆಳಗಿನಿಂದ 5.5 ಲೀಟರ್ ಆಯಿಲ್, ಈ ಗೇರ್‌ಬಾಕ್ಸಿಗೆಂದೇ ಗುರುತಿಸಿದ ಡಿಎಸ್‌ಜಿ ಆಯಿಲ್ ಮಾತ್ರ. ಒಂದೇ ಆಯಿಲ್ ಇಲ್ಲಿ ಗೇರಿನ ಹಲ್ಲನ್ನೂ ಕಾಯಬೇಕು, ಕ್ಲಚ್ ಹಿಡಿತವನ್ನೂ ಕೊಡಬೇಕು. ಸಾಮಾನ್ಯ ಗೇರ್ ಆಯಿಲ್ ಹಾಕಿದರೆ ಹಿಡಿತ ಕೆಟ್ಟು ನಡುಕ ಇನ್ನೂ ಹೆಚ್ಚುತ್ತದೆ. ಗಾಡಿ ಮಟ್ಟಸವಾಗಿ ನಿಂತಿರಬೇಕು. ಇಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿಕೊಂಡು, ಲಿವರನ್ನು ಪ್ರತಿ ಸ್ಥಾನದಲ್ಲಿ ಮೂರು ಸೆಕೆಂಡ್ ನಿಲ್ಲಿಸಿ ಮತ್ತೆ ಪಾರ್ಕಿಂಗಿನ ಪಿಗೆ. ಜಿ93 ನೋಡುತ್ತಾ, 35ರಿಂದ 45 ಡಿಗ್ರಿಯ ಒಳಗೆ, ಇಂಜಿನ್ ಓಡುತ್ತಿರುವಾಗಲೇ ಅಡಾಪ್ಟರ್ ತೆಗೆಯಬೇಕು. ಹೆಚ್ಚಿನದು ಹರಿದು, ಧಾರೆ ಹನಿಗೆ ಇಳಿದ ಕ್ಷಣ ಹೊಸ ವಾಷರ್ ಹಾಕಿದ ಪ್ಲಗ್, 45 ನ್ಯೂಟನ್ ಮೀಟರ್. ಬೆಂಗಳೂರಿನ ಬೇಸಿಗೆಯಲ್ಲಿ ಈ ತಾಪದ ಅವಕಾಶ ಬಹಳ ಬೇಗ ಮುಗಿಯುತ್ತದೆ. ತಡವಾದರೆ ಇಂಜಿನ್ ಆಫ್ ಮಾಡಿ ತಣ್ಣಗಾಗಲು ಬಿಟ್ಟು ಮತ್ತೆ ಶುರು ಮಾಡಿ, ಅಂದಾಜಿನಲ್ಲಿ ಮುಚ್ಚಬೇಡಿ.

ಆಮೇಲೆ ಅಡಾಪ್ಟೇಷನ್, ಅಂದರೆ ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂದು ಕಂಪ್ಯೂಟರ್ ಕಲಿತ ಮೌಲ್ಯಗಳನ್ನು ಅಳಿಸಿ ಸ್ಕ್ಯಾನರಿನ ಬೇಸಿಕ್ ಸೆಟ್ಟಿಂಗ್‌ನಿಂದ ಹೊಸದಾಗಿ ಕಲಿಸುವುದು. ಅಳಿಸುವ ಮುನ್ನ ಹಳೆಯ ಕ್ಲಚ್ ಮೌಲ್ಯಗಳನ್ನು ಬರೆದಿಟ್ಟುಕೊಳ್ಳಿ. ಎಷ್ಟೋ ಕಡೆ ಮೊದಲು ಇದನ್ನೇ ಅಳಿಸಿ, ನಡುಕ ಎರಡು ದಿನ ಮರೆಯಾದದ್ದನ್ನು ರಿಪೇರಿ ಎಂದು ಬಿಲ್ ಮಾಡುತ್ತಾರೆ. ಇದು ಮಾಲೀಕರಿಗೆ ಮಾಡುವ ಅನ್ಯಾಯ. ಬ್ಯಾಟರಿಗೆ ಚಾರ್ಜರ್, ಆಯಿಲ್ 30ರಿಂದ 100 ಡಿಗ್ರಿಯೊಳಗೆ, ಲಿವರ್ ಪಿಯಲ್ಲಿ, ಇಂಜಿನ್ ಐಡಲ್, ಕಾಲು ಬ್ರೇಕಿನ ಮೇಲೆ, ಆಕ್ಸಿಲರೇಟರ್ ಮುಟ್ಟಬಾರದು. ಬೇಸಿಕ್ ಸೆಟ್ಟಿಂಗ್ ನಡೆಯುವಾಗ ಒಳಗಿನಿಂದ ಟಕಟಕ ಸದ್ದು ಬರುವುದು ಸಹಜ. ಮುಗಿದ ಮೇಲೆ ಕಲಿಸುವ ಓಡಾಟ: ಮ್ಯಾನುಯಲ್ ಮೋಡಿನಲ್ಲಿ 4 ಅಥವಾ 6ರಲ್ಲಿ 1,200ರಿಂದ 3,500 ಆರ್‌ಪಿಎಂನೊಳಗೆ ಸುಮಾರು ಐದು ನಿಮಿಷ, ಆಮೇಲೆ 3 ಅಥವಾ 5ರಲ್ಲಿ ಐದು ನಿಮಿಷ. ಸಮಕ್ಕೊಂದು, ಬೆಸಕ್ಕೊಂದು.

ಇವತ್ತು ಸಂಜೆ ಮತ್ತೆ ಟ್ರಾಫಿಕ್ಕಿಗೆ ಬಿಟ್ಟೆವು. ಐವತ್ತು ನಿಮಿಷ ತೆವಳಿಸಿದ ಮೇಲೆ ಜಿ93 ತೋರಿಸಿದ್ದು 94 ಡಿಗ್ರಿ. ಒಂದನೇ ಗೇರು ನುಣುಪಾಗಿ ಎತ್ತಿಕೊಂಡಿತು. ಅದೇ ಇಳಿಜಾರಿನಲ್ಲಿ ರಿವರ್ಸ್ ಮಾಡಿದಾಗ ಮೊದಲ ಅರ್ಧ ಮೀಟರಿನಲ್ಲಿ ಸೀಟಿಗೆ ತಿಳಿಯುವಷ್ಟು ನಡುಕ ಇನ್ನೂ ಇದೆ. ಕಡಿಮೆ ಆಯಿಲಿನಲ್ಲಿ ಓಡಿದಷ್ಟು ದಿನ ಕೆ1ರ ಪ್ಲೇಟಿನ ಮೇಲ್ಮೈ ಸ್ವಲ್ಪ ಸುಟ್ಟಿರಬೇಕು. ಅದು ಹೊಸ ಆಯಿಲಿನಿಂದ ವಾಪಸ್ ಬರುವುದಿಲ್ಲ. ಆದರೆ ಜಾರು ಇಲ್ಲದಿರುವಾಗ ಈಗಲೇ ಕ್ಲಚ್ ಪ್ಯಾಕ್ ಬದಲಿಸುವ ಅಗತ್ಯವೂ ಇಲ್ಲ. ಬದಲಿಸುವ ದಿನ ಬಂದರೆ ಗೇರ್‌ಬಾಕ್ಸ್ ಪೂರ್ತಿ ಇಳಿಸಬೇಕು, ಕ್ಲಚ್ಚಿನ ಮುಂದಿನ ಮುಚ್ಚಳ ಪ್ರತಿ ಸಲ ಹೊಸದೇ ಬೇಕು, ಸರ್ಕ್ಲಿಪ್ ದಪ್ಪವನ್ನು ಡಯಲ್ ಗೇಜಿನಿಂದ ಅಳೆದೇ ಆರಿಸಬೇಕು, ಫ್ಲೈವೀಲನ್ನೂ ಅದೇ ಹೊತ್ತಿಗೆ ನೋಡಿಬಿಡಬೇಕು. ಮೆಕಾಟ್ರಾನಿಕ್ಕಿಗೆ ಕೈ ಹಾಕಿಲ್ಲ. ಹೊಸ ಕ್ಲಚ್ ಮೌಲ್ಯಗಳನ್ನು ಜಾಬ್ ಕಾರ್ಡಿನ ಹಿಂದೆ ಬರೆದಿದೆ. 1,000 ಕಿ.ಮೀ. ಆದ ಮೇಲೆ ಗಾಡಿ ತನ್ನಿ ಎಂದು ಹೇಳಿದ್ದೇವೆ, ಆಗ ಅದೇ ಇಳಿಜಾರು, ಅದೇ ತಾಪ, ಅದೇ ಮೌಲ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು.