ಒಂದೇ ಪುಡಿ, ಎರಡು ಕೆಂಪು

ಮಳೆ ಜೋರಾಗಿರುವ ತುಳುವರ ಆಟಿ ತಿಂಗಳಲ್ಲಿ ಚಿತ್ರಪ್ರದರ್ಶನ ಇಟ್ಟುಕೊಳ್ಳಬೇಡ ಎಂದು ಗೆಳೆಯನಿಗೆ ಹೇಳಿದ್ದೆ. ಮಳೆಗಾಲದಲ್ಲಿ ಜಾಗದ ಬಾಡಿಗೆ ಕಡಿಮೆ ಎಂಬುದು ಅವನ ಲೆಕ್ಕ. ಹಾಗಾಗಿ ಮಂಗಳೂರಿನ ಬಲ್ಲಾಳ್‌ಬಾಗ್ ಸಮೀಪದ ಹಳೆಯ ಹಂಚಿನ ಮನೆಯೊಂದರ ಪಡಸಾಲೆಯಲ್ಲಿ ಅವನ ಅಮೂರ್ತ ಚಿತ್ರಗಳು ಗೋಡೆಯೇರಿದವು. ಭಾನುವಾರ ಸುರತ್ಕಲ್‌ನಲ್ಲಿ ಯಾರದೋ ಬೊಜ್ಜಕ್ಕೆ (ಉತ್ತರಕ್ರಿಯೆಗೆ) ಅವನು ಹೋಗಲೇಬೇಕಿತ್ತು. ಸಹಿ ಪುಸ್ತಕದ ಮೇಜಿನ ಹಿಂದೆ ನಾನು ಕುಳಿತೆ.

ಬಂದವರಲ್ಲಿ ಅರ್ಧದಷ್ಟು ಜನ ಮಳೆಗೆ ಹೆದರಿ ಒಳಬಂದವರು. ಕೊಡೆಯನ್ನು ಬಕೆಟ್ಟಿಗೆ ಇಳಿಸಿ, ಒಂದು ಸುತ್ತು ಹಾಕಿ, ನನ್ನ ಮುಂದೆ ನಿಂತು ಎಲ್ಲರೂ ಕೇಳಿದ್ದು ಒಂದೇ: ‘ಇದು ಏನು ಚಿತ್ರ?’ ಅವರನ್ನು ದೂರಲಾರೆ. ಈ ಊರಿನ ಕಣ್ಣು ಪಳಗಿರುವುದೇ ಹಾಗೆ. 1899ರಲ್ಲಿ ಇಟಲಿಯಿಂದ ಬಂದ ಆಂಟೊನಿಯೊ ಮೊಸ್ಚೆನಿ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ, ಚಾವಣಿಗಳನ್ನೆಲ್ಲ ತುಂಬಿಸಿದ. ಅಲ್ಲಿನ ಒಂದೊಂದು ಆಕೃತಿಗೂ ಕಥೆಯಿದೆ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬಂದರೆ ಸಾಕು, ರಕ್ಕಸನೆಂದು ಮಕ್ಕಳಿಗೂ ತಿಳಿಯುತ್ತದೆ. ಬಣ್ಣ ಏನನ್ನಾದರೂ ಹೇಳಲೇಬೇಕು ಎಂದು ನಂಬಿದವರ ಮುಂದೆ ಬರೀ ಕೆಂಪು ಹಲಗೆಯೊಂದನ್ನು ನಿಲ್ಲಿಸಿದರೆ ಅವರಾದರೂ ಏನು ಮಾಡಿಯಾರು? ಒಬ್ಬರಿಗೆ ಕರಾವಳಿಯ ನಕಾಶೆ ಕಂಡಿತು. ಇನ್ನೊಬ್ಬರಿಗೆ ಗಣಪತಿ. (ಅಮೂರ್ತ ಚಿತ್ರಗಳು ಹತ್ತಿದ್ದರೆ ಒಂದರಲ್ಲಾದರೂ ಗಣಪತಿ ಸಿಕ್ಕೇ ಸಿಗುತ್ತಾನೆ.)

ಮಧ್ಯಾಹ್ನ ದಾಟಿದ ಮೇಲೆ ವಯಸ್ಸಾದವರೊಬ್ಬರು ಬಂದರು. ಹಂಚಿನ ಕಾರ್ಖಾನೆಯಲ್ಲಿ ಭಟ್ಟಿಯ ಕೆಲಸ ಮಾಡಿದವರು ಎಂದು ಆಮೇಲೆ ತಿಳಿಯಿತು. ಬಾಗಿಲ ಪಕ್ಕದ ಎರಡು ಕೆಂಪು ಹಲಗೆಗಳ ಮುಂದೆ ಅವರು ನಿಂತೇಬಿಟ್ಟರು. ನೇರ ನೋಡಲಿಲ್ಲ, ಗೋಡೆಗೆ ಕೆನ್ನೆ ತಾಗುವಷ್ಟು ಸರಿದು, ಕಿಟಕಿಯ ಬೆಳಕು ಮೇಲ್ಮೈಯ ಮೇಲೆ ಓರೆಯಾಗಿ ಬೀಳುವ ಕಡೆಯಿಂದ ನೋಡಿದರು. ಬಳಿಕ ತುಳುವಿನಲ್ಲಿ ಕೇಳಿದರು: ‘ಎಡಗಡೆಯದ್ದು ಇನ್ನೂ ಒಣಗಿಲ್ಲವೇ?’

ಅಷ್ಟು ಹೊತ್ತೂ ಯಾರೂ ಕೇಳದಿದ್ದ ಪ್ರಶ್ನೆ ಅದು. ಎರಡು ಹಲಗೆಗಳಲ್ಲೂ ಇದ್ದದ್ದು ಒಂದೇ ಪುಡಿ. ಮುರಕಲ್ಲನ್ನೂ (ಕೆಂಪು ಜಂಬಿಟ್ಟಿಗೆ ಕಲ್ಲು) ಒಡೆದ ಹಂಚನ್ನೂ ಅರೆದು, ಬಟ್ಟೆಯಲ್ಲಿ ಸೋಸಿ, ಬಲಗಡೆಯದ್ದಕ್ಕೆ ತೆಳುವಾದ ಅಂಟಿನಲ್ಲಿಯೂ ಎಡಗಡೆಯದ್ದಕ್ಕೆ ಹೊಳಪಿನ ಆಕ್ರಿಲಿಕ್ ದ್ರವದಲ್ಲಿಯೂ ಕಲಸಿ ಗೆಳೆಯ ಹಚ್ಚಿದ್ದ. ಬಲಗಡೆಯದ್ದು ಧೂಳು ಕುಳಿತಂತೆ ಪೇಲವ. ಎಡಗಡೆಯದ್ದು ಕಡುಗೆಂಪು. ಒಣ ಪುಡಿಯಲ್ಲಿ ಕಣಕಣದ ನಡುವೆ ಗಾಳಿಯಿರುತ್ತದೆ. ಬೆಳಕು ಮೇಲ್ಮೈಯಲ್ಲೇ ಚದುರಿ ಬೆಳ್ಳಗೆ ಹಿಂತಿರುಗುತ್ತದೆ. ಆ ಸಂದುಗಳನ್ನು ನೀರೋ ಎಣ್ಣೆಯೋ ಆಕ್ರಿಲಿಕ್ಕೋ ತುಂಬಿದರೆ ಚದುರುವುದು ಕಡಿಮೆಯಾಗಿ ಬೆಳಕು ಒಳಗಿಳಿಯುತ್ತದೆ, ಬಣ್ಣ ಗಾಢವಾಗುತ್ತದೆ. ಹೊರಗೆ ಕಾಂಪೌಂಡಿನ ಮುರಕಲ್ಲು ಗೋಡೆಗೆ ಮಳೆ ಮಾಡಿದ್ದೂ ಅದನ್ನೇ. ಹಸಿ ಜೇಡಿಮಣ್ಣು ಒಣಗುತ್ತ ಬಣ್ಣ ಕಳೆದುಕೊಳ್ಳುವುದನ್ನು ವರ್ಷಗಟ್ಟಲೆ ನೋಡಿದವರಿಗೆ ಇದನ್ನು ನಾನು ವಿವರಿಸಬೇಕಾಗಿರಲಿಲ್ಲ. ಆದರೂ ವಿವರಿಸಿದೆ. ಅವರು ಸೌಜನ್ಯಕ್ಕೆ ಕೇಳಿಸಿಕೊಂಡರು.

ಬಲಗಡೆಯ ಹಲಗೆಯ ಕೆಳಮೂಲೆಯನ್ನು ತೋರಿಸಿ, ‘ಇದು ಬೆಂಕಿ ಸಾಲದ ಹಂಚಿನ ಪುಡಿ’ ಎಂದರು. ಮಣ್ಣಿನ ಕಬ್ಬಿಣ ಭಟ್ಟಿಯಲ್ಲಿ ಗಾಳಿ ಸಿಕ್ಕರೆ ಕೆಂಪಾಗುತ್ತದೆ, ಉಸಿರುಗಟ್ಟಿದರೆ ಕಪ್ಪಿಡುತ್ತದೆ, ಶಾಖ ಸಾಲದಿದ್ದರೆ ಮಸುಕು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಅಂದಿನಿಂದ ಈ ಊರಲ್ಲಿ ಎಷ್ಟು ಕಣ್ಣುಗಳು ಕೆಂಪನ್ನು ಹೀಗೆ ಅಳೆದಿರಬೇಕು! ಅವರ ಬೆರಳು ಹಲಗೆಯನ್ನು ತಟ್ಟಲು ಮೇಲೆದ್ದಿತು, ಹಂಚು ಬೆಂದಿದೆಯೇ ಎಂದು ನಾದದಿಂದ ತಿಳಿಯುವ ಹಾಗೆ. ‘ಮುಟ್ಟಬೇಡಿ’ ಎಂಬ ಚೀಟಿಯನ್ನು ತೋರಿಸಿದೆ. ನಕ್ಕು ಕೈ ಹಿಂದಕ್ಕೆ ಕಟ್ಟಿಕೊಂಡರು. ಇಂಥ ಚಿತ್ರಗಳ ಪಕ್ಕದಲ್ಲಿ ಅದೇ ಪುಡಿ ಹಚ್ಚಿದ ತುಂಡು ಹಲಗೆಯೊಂದನ್ನು ಮುಟ್ಟುವುದಕ್ಕೆಂದೇ ಇಡಬೇಕು ಎಂಬುದು ನನ್ನ ಹಠ.

ಸಂಜೆ ಕರೆಂಟ್ ಹೋಯಿತು. ಒಳಕೋಣೆಯ ದೊಡ್ಡ ಕ್ಯಾನ್ವಾಸಿನಲ್ಲಿ ಅಲ್ಲಿಯವರೆಗೆ ಕೆಂಪು ಪಟ್ಟಿಯೇ ಮುಂದೆ ನುಗ್ಗುತ್ತಿತ್ತು, ನೀಲಿ ಹಿಂದೆ ಉಳಿದಿತ್ತು. ಮೋಡದ ಮಬ್ಬಿಗೆ ಕಣ್ಣು ಒಗ್ಗಿಕೊಂಡಂತೆ ಕೆಂಪು ಕಪ್ಪಾಗಿ ಕುಸಿಯಿತು. ನೀಲಿ ಬೂದುಬೆಳ್ಳಗೆ ತೇಲಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜೆಕ್ ವಿಜ್ಞಾನಿ ಪುರ್ಕಿಂಜೆ ಗುರುತಿಸಿದ ಸಂಗತಿಯಿದು: ಬೆಳಕು ಕುಗ್ಗಿದಾಗ ಕಣ್ಣಿನ ದಂಡಕೋಶಗಳು ಕೆಲಸಕ್ಕೆ ಬರುತ್ತವೆ, ಅವಕ್ಕೆ ಕೆಂಪು ಬಹುತೇಕ ಕಾಣುವುದೇ ಇಲ್ಲ. ಕಾಲೇಜು ಹುಡುಗಿಯೊಬ್ಬಳು ಮೊಬೈಲಿನ ಟಾರ್ಚ್ ಹಾಕಿದ್ದೇ ತಡ, ಕೆಂಪು ಮತ್ತೆ ಮುಂದೆ ಬಂತು. ಆರಿಸಿದಳು, ಹಾಕಿದಳು, ಮತ್ತೆ ಆರಿಸಿದಳು. ‘ಏನು ಚಿತ್ರ’ ಎಂದು ಆಗ ಯಾರೂ ಕೇಳಲಿಲ್ಲ.

ಬೆಳಕು ಬಣ್ಣವನ್ನು ತೋರಿಸಿ ಸುಮ್ಮನಾಗುವುದಿಲ್ಲ, ತಿನ್ನುವುದೂ ಉಂಟು. ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಅಮೆರಿಕದ ಅಮೂರ್ತ ಚಿತ್ರಕಾರ ಮಾರ್ಕ್ ರಾಥ್ಕೊ ಮಾಡಿಕೊಟ್ಟ ದೊಡ್ಡ ಚಿತ್ರಗಳಲ್ಲಿ ಲಿಥಾಲ್ ರೆಡ್ ಎಂಬ ವರ್ಣದ್ರವ್ಯವಿತ್ತು. ಕಿಟಕಿಯ ಬಿಸಿಲಿಗೆ ಅದು ಮಾಸಿ, 1979ರ ಹೊತ್ತಿಗೆ ಚಿತ್ರಗಳು ಉಗ್ರಾಣ ಸೇರಿದವು. 2014ರಲ್ಲಿ ಅವನ್ನು ಮತ್ತೆ ತೂಗುಹಾಕಿದಾಗ ಕುಂಚ ಮುಟ್ಟಿಸಲಿಲ್ಲ. ಕಳೆದುಹೋದ ಬಣ್ಣವನ್ನು ಪ್ರೊಜೆಕ್ಟರಿನ ಬೆಳಕಿನಲ್ಲಿ ತುಂಬಿಕೊಟ್ಟರು. ಗೆಳೆಯನ ಮುರಕಲ್ಲಿಗೆ ಆ ಭಯವಿಲ್ಲ, ಅದರ ಕೆಂಪಿಗೆ ಕಾರಣವಾದ ಕಬ್ಬಿಣದ ಆಕ್ಸೈಡ್ ಬಿಸಿಲಿಗೆ ಜಗ್ಗುವುದಿಲ್ಲ. ಕರಾವಳಿಯ ತೇವಕ್ಕೆ ಕ್ಯಾನ್ವಾಸ್ ಬೂಷ್ಟು ಹಿಡಿಯುವ ಭಯ ಮಾತ್ರ ಇದ್ದೇ ಇದೆ.

ರಾತ್ರಿ ಅವನು ಬಂದು ಎಲ್ಲವನ್ನೂ ಕೇಳಿಸಿಕೊಂಡ. ಅಗ್ಗದ ಬಿಳಿ ಎಲ್‌ಇಡಿ ಬಲ್ಬುಗಳಲ್ಲಿ ಕಡುಗೆಂಪಿನ ಅಂಶ ಕಡಿಮೆ, ಬದಲಾಯಿಸು ಎಂದೆ. ಖರ್ಚಿನ ಮಾತು ತೆಗೆದ. ಹಂಚಿನವರ ಪ್ರಶ್ನೆ ಮಾತ್ರ ಅವನಿಗೆ ನಾಟಿತು. ಬೆಲೆಪಟ್ಟಿ ತೆಗೆದು, ಆ ಎರಡು ಹಲಗೆಗಳನ್ನು ಬಿಡಿಯಾಗಿ ಮಾರುವುದಿಲ್ಲ, ಜೋಡಿಯಾಗಿ ಮಾತ್ರ ಎಂದು ತಿದ್ದಿದ. ಜೋಡಿಗೆಂದು ಬೆಲೆಯನ್ನೇನೂ ಇಳಿಸಲಿಲ್ಲ.