ಸಿಲ್ವರ್ ಫ್ಲೇಮ್ ಚರ್ಚಿನವರು ಒಳ್ಳೆಯವರಾ, ಕೆಟ್ಟವರಾ?

ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ ನಾನು ಎಬೆರಾನ್ ಲೋಕದ ಕಥೆಗಳನ್ನೇ ಜಾಸ್ತಿ ನಡೆಸುವವನು. ಸಿಲ್ವರ್ ಫ್ಲೇಮ್, ಅಂದರೆ ಬೆಳ್ಳಿ ಜ್ವಾಲೆ, ಆ ಲೋಕದ ಒಂದು ಚರ್ಚು. ಟೇಬಲ್‌ಗೆ ಹೊಸಬರು ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. "ಪುಸ್ತಕದಲ್ಲಿ ಈ ಚರ್ಚು ಒಳ್ಳೆಯವರ ಪಕ್ಷ ಅಂತ ಬರೆದಿದ್ದಾರೆ. ಆದರೆ ಇವರೇ ಐವತ್ತು ವರ್ಷ ಜನರನ್ನು ಬೇಟೆಯಾಡಿದ್ದಾರೆ. ಇವರ ಕಾರ್ಡಿನಲ್ ನೋಡಿದರೆ ಪಕ್ಕಾ ವಿಲನ್. ಇದೆಂಥಾ ಒಳ್ಳೆಯತನ?"

ನನ್ನ ಉತ್ತರ: ಒಳ್ಳೆಯದೇ. ಮತ್ತು ಆ ಒಳ್ಳೆಯತನ ಪುಕ್ಕಟೆಯಾಗಿ ಬಂದದ್ದಲ್ಲ, ಅದಕ್ಕೇ ನನಗೆ ಈ ಚರ್ಚು ಇಷ್ಟ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಗೆದ್ದರಾ ಸೋತರಾ ಅನ್ನೋದನ್ನು ದಾಳ ಹೇಳುತ್ತದೆ. ಈ ಆಟಕ್ಕೆ ಹಲವು ಲೋಕಗಳಿವೆ. 2002ರಲ್ಲಿ ಇದರ ಪ್ರಕಾಶಕರಾದ ವಿಝಾರ್ಡ್ಸ್ ಆಫ್ ದ ಕೋಸ್ಟ್ ಹೊಸ ಲೋಕವೊಂದರ ಕಲ್ಪನೆ ಕಳಿಸಿ ಅಂತ ಎಲ್ಲರನ್ನೂ ಕರೆದರು. ಬಂದದ್ದು 11,000ಕ್ಕೂ ಜಾಸ್ತಿ. ಗೆದ್ದದ್ದು ಕೀತ್ ಬೇಕರ್ ಅವರದ್ದು. 2004ರಲ್ಲಿ ಎಬೆರಾನ್ ಅನ್ನೋ ಹೆಸರಲ್ಲಿ ಹೊರಬಂತು. ಮಂತ್ರದಿಂದ ಓಡುವ ರೈಲಿದೆ, ನೂರು ವರ್ಷದ ಯುದ್ಧ ಮುಗಿದು ಎರಡೇ ವರ್ಷವಾಗಿದೆ, ಯಾರಿಗೂ ಯಾರ ಮೇಲೂ ನಂಬಿಕೆಯಿಲ್ಲ. ಅಂಥ ಲೋಕ.

ಉಳಿದ ಹೆಚ್ಚಿನ ಲೋಕಗಳಲ್ಲಿ ದೇವರುಗಳು ಇದ್ದಾರೆ ಅನ್ನೋದರಲ್ಲಿ ಅನುಮಾನವೇ ಇಲ್ಲ. ಪೂಜಾರಿ ದಾರಿ ತಪ್ಪಿದರೆ ದೇವರು ಸಿಟ್ಟಾಗಿ ಶಕ್ತಿ ಕಿತ್ತುಕೊಳ್ಳುತ್ತಾನೆ. ಎಬೆರಾನ್‌ನಲ್ಲಿ ಹಾಗಿಲ್ಲ. ಇಲ್ಲಿ ದೇವರನ್ನು ಕಂಡವರಿಲ್ಲ. ಪೂಜಾರಿಗೆ ಶಕ್ತಿ ಬರೋದು ಅವನ ನಂಬಿಕೆಯಿಂದ. ಮನಸ್ಸು ಕೊಳೆತವನೂ ಗಟ್ಟಿಯಾಗಿ ನಂಬಿ ಪ್ರಾರ್ಥಿಸಿದರೆ ಗಾಯ ವಾಸಿಯಾಗುತ್ತದೆ, ಕೈಯಲ್ಲಿ ಬೆಳಕು ಹುಟ್ಟುತ್ತದೆ. ಮೇಲಿಂದ ತಿದ್ದುವವರು ಯಾರೂ ಇಲ್ಲ. ನನ್ನನ್ನು ಕೇಳಿದರೆ ಇಡೀ ಲೋಕದ ಒಳ್ಳೆಯ ಐಡಿಯಾ ಇದೊಂದೇ, ರೈಲುಗೀಲೆಲ್ಲ ಆಮೇಲೆ.

ಈ ಬೆಳ್ಳಿ ಜ್ವಾಲೆಯೂ ದೇವರಲ್ಲ. ಅದೊಂದು ಸೆರೆಮನೆ. ಬಹಳ ಹಿಂದೆ ಭೂಮಿಯನ್ನು ಆಳುತ್ತಿದ್ದವರು ಓವರ್‌ಲಾರ್ಡ್‌ಗಳೆಂಬ ದುಷ್ಟ ಶಕ್ತಿಗಳು. ಅವರನ್ನು ಕೊಲ್ಲೋದಕ್ಕೇ ಆಗೋದಿಲ್ಲ. ಕೊನೆಗೆ ಕೊವಾಟಲ್ ಅನ್ನೋ ರೆಕ್ಕೆಯ ಹಾವುಗಳು ತಮ್ಮನ್ನೇ ಬಲಿಕೊಟ್ಟವು. ಅವುಗಳ ಬೆಳಕೆಲ್ಲ ಒಂದಾಗಿ ಆ ದುಷ್ಟರನ್ನು ಕಟ್ಟಿಹಾಕಿತು. ಆ ಬೆಳಕೇ ಜ್ವಾಲೆ. (ಓವರ್‌ಲಾರ್ಡ್‌ಗಳ ಬಂಟರು ಯಾರು ಗೊತ್ತಾ? ರಾಕ್ಷಸರು. ಹೌದು, ನಮ್ಮ ಕಡೆಯಿಂದಲೇ ಹೋದವರು. ಆದರೆ ಅಲ್ಲಿಗೆ ಹೋಗಿ ಹುಲಿ ತಲೆ ಅಂಟಿಸಿಕೊಂಡಿದ್ದಾರೆ, ಅಂಗೈ ಹಿಂದುಮುಂದಾಗಿದೆ. ನಮ್ಮ ಟೇಬಲ್‌ನಲ್ಲಿ ಮೊದಲ ಸಲ ಚಿತ್ರ ತೋರಿಸಿದಾಗ ಎಲ್ಲರೂ ನಕ್ಕಿದ್ದರು.)

ಚರ್ಚು ಹುಟ್ಟಿದ್ದು ಆ ಲೋಕದ ಲೆಕ್ಕದಲ್ಲಿ 299ರಲ್ಲಿ. ಥ್ರೇನ್ ಅನ್ನೋ ನಾಡಿನಲ್ಲಿ ಬೆಲ್ ಶಾಲೋರ್ ಎಂಬ ಓವರ್‌ಲಾರ್ಡ್ ಸೆರೆಯಿಂದ ಅರ್ಧ ಹೊರಬಂದಿದ್ದ. ಟೀರಾ ಮೈರನ್ ಅನ್ನೋ ಯೋಧೆ ಪ್ರಾಣ ಕೊಟ್ಟು ಅವನನ್ನು ಮತ್ತೆ ಕಟ್ಟಿದಳು. ಅವಳು ಬಿದ್ದ ಜಾಗದಲ್ಲಿ ಬೆಳ್ಳಿ ಬೆಂಕಿಯ ಕಂಬ ಎದ್ದಿತು. ಅದರ ಸುತ್ತ ಫ್ಲೇಮ್‌ಕೀಪ್‌ನ ದೊಡ್ಡ ಕೆಥೆಡ್ರಲ್ ಬಂತು. ಟೀರಾ ಈಗ ಜ್ವಾಲೆಯ ದನಿ. ಜ್ವಾಲೆ ಹೇಳೋದು ಮನುಷ್ಯರಿಗೆ ತಲುಪೋದು ಅವಳ ಮೂಲಕ.

ನಂಬಿಕೆ ತುಂಬ ಸರಳ. ಲೋಕದಲ್ಲಿ ಕೆಡುಕಿದೆ, ಅದು ಕತೆಯಲ್ಲ, ರಾತ್ರಿ ಹೊತ್ತು ನಿಮ್ಮ ಮನೆ ಬಾಗಿಲಿಗೇ ಬರಬಹುದು. ಕೈಲಾಗದವರನ್ನು ಅದರಿಂದ ಕಾಯಬೇಕು. ಹಾಗೆ ಬದುಕಿದವರು ಸತ್ತ ಮೇಲೆ ಅವರ ಆತ್ಮವೂ ಜ್ವಾಲೆ ಸೇರಿ ಅದಕ್ಕೆ ಬಲ ಕೊಡುತ್ತದೆ. ಮನುಷ್ಯರೇ ಮಾಡುವ ಕೆಡುಕಿಗೆ ಕತ್ತಿಗಿಂತ ಮೊದಲು ಕರುಣೆ. ತಿದ್ದಿಕೊಳ್ಳಲು ಅವಕಾಶ ಕೊಡಬೇಕು. ಲೋಕ ಹೇಗೆ ಹುಟ್ಟಿತು ಅನ್ನೋ ಗೋಜಿಗೇ ಇವರು ಹೆಚ್ಚು ಹೋಗೋದಿಲ್ಲ. ಇವರ ಆಯುಧ ಬಿಲ್ಲು, ಅದನ್ನು ಹಿಡಿಯೋದೇ ಒಂದು ಧ್ಯಾನ. ನಾನು ಹೊಸಬರಿಗೆ ಚರ್ಚಿನ ಪರಿಚಯ ಮಾಡಿಸೋದು ಅಲ್ಲಿಂದಲೇ. ಒಂದು ಹಳ್ಳಿ, ಬೆಳಗಿನ ಚಳಿ, ಪಾದ್ರಿಣಿಯೊಬ್ಬಳು ಹುಲ್ಲಿನ ಬೊಂಬೆ ನಿಲ್ಲಿಸಿ ರೈತರ ಮಕ್ಕಳಿಗೆ ಬಾಣ ಬಿಡೋದು ಕಲಿಸುತ್ತಿದ್ದಾಳೆ. ಒಬ್ಬ ಹುಡುಗನ ಮೊಣಕೈ ಮೇಲೆತ್ತಿ, "ಉಸಿರು ಬಿಡು, ಆಮೇಲೆ ಬಾಣ ಬಿಡು" ಅನ್ನುತ್ತಾಳೆ. ಬೊಂಬೆಗೆ ಕೋರೆಹಲ್ಲು ಬರೆದಿದ್ದಾರೆ. ಆಟಗಾರರು ಅಲ್ಲಿಗೆ ಸುಮ್ಮನಾಗುತ್ತಾರೆ. ಈ ಮಕ್ಕಳು ನಿಜವಾಗಲೂ ಯಾವುದಕ್ಕೋ ತಯಾರಾಗುತ್ತಿದ್ದಾರೆ ಅಂತ ಅವರಿಗೆ ಹೊಳೆಯುತ್ತದೆ.

ವ್ಯವಸ್ಥೆಗೆ ಬಂದರೆ, ಕೆಲಸ ಮಾಡುವವರು ಮೂರು ಬಗೆ. ಊರಲ್ಲಿ ನಿಂತು ಜನರನ್ನು ನೋಡಿಕೊಳ್ಳುವ ಮಿನಿಸ್ಟರ್‌ಗಳು, ಹೋರಾಡುವ ಟೆಂಪ್ಲರ್‌ಗಳು, ಊರೂರು ಅಲೆಯುವ ಫ್ರೈಯರ್‌ಗಳು. ಮೇಲೆ ಬಿಷಪ್, ಆರ್ಚ್‌ಬಿಷಪ್, ಅವರ ಮೇಲೆ ಕಾರ್ಡಿನಲ್‌ಗಳ ಸಭೆ. ಎಲ್ಲರಿಗಿಂತ ಮೇಲೆ ಕೀಪರ್ ಆಫ್ ದ ಫ್ಲೇಮ್. ಹಬ್ಬಗಳೂ ಇವೆ. ಅದರಲ್ಲಿ ಬೇಕರ್ಸ್ ನೈಟ್ ಅಂತೊಂದು ವಿಚಿತ್ರ ಹಬ್ಬ; ಎಲ್ಲರೂ ಸೇರಿ ಸಿಹಿತಿಂಡಿ ಮಾಡಿ ಹಂಚಿ ತಿನ್ನೋದು, ಅಷ್ಟೇ. ದೆವ್ವ ಭೂತಗಳ ಜೊತೆ ಹೊಡೆದಾಡುವ ಚರ್ಚಿಗೂ ಇಂಥದ್ದೊಂದು ರಾತ್ರಿ ಬೇಕಲ್ವಾ!

914ರಲ್ಲಿ ಥ್ರೇನ್‌ನ ರಾಜ ಥಾಲಿನ್ ಸತ್ತ. ಜನ ಚರ್ಚೇ ಆಳಲಿ ಅಂದರು. ರಾಜಮನೆತನ ಹೆಸರಿಗಷ್ಟೇ ಉಳಿಯಿತು. ನನ್ನ ಪ್ರಕಾರ ಎಡವಟ್ಟಾದದ್ದು ಇಲ್ಲಿ. ರಾಕ್ಷಸರಿಂದ ಜನರನ್ನು ಕಾಯೋದಕ್ಕೆ ಕಟ್ಟಿದ ಸಂಸ್ಥೆ ತೆರಿಗೆ, ಗಡಿ, ಸೈನ್ಯ ಎಲ್ಲ ನೋಡಿಕೊಳ್ಳಬೇಕಾಯಿತು. ಅಂಥ ಕೆಲಸಕ್ಕೆ ಅಂಥವರೇ ಬರುತ್ತಾರೆ. ಹೈ ಕಾರ್ಡಿನಲ್ ಕ್ರೋಜನ್ ಹಾಗೆ ಬಂದವನು. ಮೂಲ ಪುಸ್ತಕದಲ್ಲೇ ಅವನ ಹೆಸರಿನ ಮುಂದೆ 'ದುಷ್ಟ' ಅಂತ ಬರೆದಿದೆ. ಮಜಾ ಏನಂದರೆ ಅವನಿಗೂ ಜ್ವಾಲೆಯ ಶಕ್ತಿಯಿದೆ. ತಾನು ಮಾಡೋದೆಲ್ಲ ಚರ್ಚಿನ ಒಳಿತಿಗೇ ಅಂತ ಅವನು ನಂಬುತ್ತಾನೆ, ನಾನು ಅವನನ್ನು ಆಡಿಸೋದೂ ಹಾಗೇ. ಶಾರ್ನ್ ನಗರದಲ್ಲಿ ಚರ್ಚಿನ ಮುಖ್ಯಸ್ಥೆ ಇಥಾನಾ ಮೋರ್ ಕೂಡ ಭ್ರಷ್ಟೆ. ಅವಳಿಗೆ ಅಷ್ಟು ನಂಬಿಕೆಯೂ ಇಲ್ಲ ಅಂತ ನನ್ನ ಲೆಕ್ಕ.

ಕ್ರೋಜನ್‌ಗಿಂತ ಮೇಲಿರುವವಳು ಜೇಲಾ ಡಾರನ್. ವಯಸ್ಸು 11. ಕೀಪರ್ ಆಗಿದ್ದು ಆರನೇ ವಯಸ್ಸಿಗೆ. ಹೊರದೇಶದ ಆಟಗಾರರಿಗೆ ಇದು ವಿಚಿತ್ರ ಅನಿಸುತ್ತದಂತೆ. ಉಡುಪಿಯ ಅಷ್ಟಮಠಗಳಲ್ಲಿ ಬಾಲಸನ್ಯಾಸ ಕಂಡ ನಮ್ಮವರು ಹುಬ್ಬೂ ಏರಿಸೋದಿಲ್ಲ; ನಮ್ಮವರು ಕೇಳೋದು "ಸರಿ, ಹಿಂದೆ ನಿಂತು ವ್ಯವಹಾರ ನೋಡಿಕೊಳ್ಳೋರು ಯಾರು?" ಅಂತ. ಸರಿಯಾದ ಪ್ರಶ್ನೆ. ಫ್ಲೇಮ್‌ಕೀಪ್‌ನಲ್ಲಿ ಇರುವಷ್ಟು ಹೊತ್ತು ಜೇಲಾ ಆ ಖಂಡದ ಅತಿ ಬಲಶಾಲಿಗಳಲ್ಲಿ ಒಬ್ಬಳು. ಅಲ್ಲಿಂದ ಹೊರಬಿದ್ದರೆ ಆ ಶಕ್ತಿಯಲ್ಲಿ ಹೆಚ್ಚಿನದು ಹೋಗುತ್ತದೆ. ಹಾಗಾಗಿ ದೂರದ ಊರಿನಲ್ಲಿ ತನ್ನ ಹೆಸರಲ್ಲಿ ಏನು ನಡೆಯುತ್ತಿದೆ ಅಂತ ಹೋಗಿ ನೋಡೋದು ಅವಳಿಗೆ ಸುಲಭವಲ್ಲ.

ಇನ್ನು ಆ ಬೇಟೆ. 832ರಲ್ಲಿ ಶುರುವಾಗಿ ಸುಮಾರು ಐವತ್ತು ವರ್ಷ ನಡೆಯಿತು. ಮನುಷ್ಯರನ್ನು ತೋಳವೋ ಇಲಿಯೋ ಮಾಡುವ ಶಾಪ ಆಗ ರೋಗದಂತೆ ಹರಡುತ್ತಿತ್ತು. ಕಚ್ಚಿಸಿಕೊಂಡವರೆಲ್ಲ ಮತ್ತೊಬ್ಬರನ್ನು ಕಚ್ಚುವರು. ಪಶ್ಚಿಮದ ಕಾಡಿನಿಂದ ಆಂಡೇರ್ ನಾಡಿಗೆ ನುಗ್ಗುತ್ತಿದ್ದರು. ಟೆಂಪ್ಲರ್‌ಗಳು ಹೋಗದಿದ್ದರೆ ಆ ನಾಡು ಉಳಿಯುತ್ತಿರಲಿಲ್ಲ. ಇಷ್ಟೂ ನಿಜ. ಆದರೆ ಅಪಾಯ ಇಳಿದ ಮೇಲೂ ಬೇಟೆ ನಿಲ್ಲಲಿಲ್ಲ. ಮನೆಮಂದಿಯನ್ನು ಕಳೆದುಕೊಂಡ ಆಂಡೇರ್ ಜನ ಚರ್ಚಿಗೆ ಸೇರಿದ್ದರು, ಅವರ ಸಿಟ್ಟು ಆರಿರಲಿಲ್ಲ. ಶಿಫ್ಟರ್‌ಗಳೆಂಬ ಜನರಿದ್ದಾರೆ, ಪೂರ್ವಜರ ರಕ್ತದಲ್ಲಿ ಒಂದಿಷ್ಟು ಮೃಗದ ಅಂಶ, ಬೇರೇನೂ ಪಾಪ ಮಾಡಿದವರಲ್ಲ. ಅವರೂ ಸತ್ತರು. 'ಪ್ಯೂರ್ ಫ್ಲೇಮ್' ಅನ್ನೋ ಉಗ್ರ ಪಂಗಡ ಅಲ್ಲೇ ಬೇರೂರಿತು. ಅದು ಇವತ್ತಿಗೂ ಇದೆ.

ಇದನ್ನೇ ಹಿಡಿದು ಕೆಲವರು ಚರ್ಚನ್ನು ಯುರೋಪಿನ ಇನ್‌ಕ್ವಿಸಿಶನ್ ಮಾಡಿಬಿಡುತ್ತಾರೆ. ಬೆಂಕಿ, ಪಾದ್ರಿ, ಕಪ್ಪು ನಿಲುವಂಗಿ, ಮುಗೀತು. ನನಗೆ ಅದು ಸೋಮಾರಿತನ ಅನಿಸುತ್ತದೆ. ಅಲ್ಲಿ ಚರ್ಚಿನ ನ್ಯಾಯಮಂಡಳಿಗಳು ಬೇಟೆಯಾಡಿದ್ದು ಹೆಚ್ಚಾಗಿ ಬೇರೆ ಥರ ನಂಬಿದವರನ್ನು; ಯಾರ ಬಾಗಿಲಲ್ಲೂ ತೋಳ ಇರಲಿಲ್ಲ. ಎಬೆರಾನ್‌ನಲ್ಲಿ ತೋಳ ನಿಜವಾಗಿಯೂ ಬಾಗಿಲಲ್ಲಿದೆ. ಆ ಭಯ ಸುಳ್ಳಲ್ಲದ ಕಾರಣಕ್ಕೇ ಅದನ್ನು ಎಲ್ಲಿ ನಿಲ್ಲಿಸಬೇಕು ಅನ್ನೋದು ಕಷ್ಟ.

ಅದರ ಮೇಲೊಂದು ತೊಡಕು. ಬೆಲ್ ಶಾಲೋರ್ ಇನ್ನೂ ಆ ಜ್ವಾಲೆಯೊಳಗೇ ಕಟ್ಟಿಬಿದ್ದಿದ್ದಾನೆ. ಅವನೂ ಪಿಸುಗುಟ್ಟುತ್ತಾನೆ. ಕಣ್ಣು ಮುಚ್ಚಿ ಜ್ವಾಲೆಯ ದನಿಗೆ ಕಾಯುವ ಭಕ್ತನಿಗೆ ಕೇಳಿಸಿದ್ದು ಟೀರಾಳ ಮಾತೋ ಅವನದ್ದೋ? ನಮ್ಮ ಗುಂಪಿನಲ್ಲಿ ಟೆಂಪ್ಲರ್ ಪಾತ್ರ ಆಡುವ ಗೆಳತಿಗೆ ಒಮ್ಮೆ ಚೀಟಿಯಲ್ಲಿ ಬರೆದುಕೊಟ್ಟೆ: "ಆ ಶಿಫ್ಟರ್ ಹುಡುಗನನ್ನು ಬಿಡಬೇಡ." ಅಷ್ಟೇ. ಅವಳು ಓದಿ, ಮಡಚಿ ಜೇಬಿಗಿಟ್ಟುಕೊಂಡಳು. ಬಿಡಬೇಡ ಅಂದರೆ ಕಾಪಾಡು ಅಂತಲೋ ಮುಗಿಸು ಅಂತಲೋ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹುಡುಗ ಈಗ ಅವಳ ಜೊತೆಗೇ ಇದ್ದಾನೆ, ಅವಳ ಬಾಣದ ಬತ್ತಳಿಕೆ ಹೊತ್ತುಕೊಂಡು.

ಎಬೆರಾನ್‌ನ ಅಧಿಕೃತ ಕಥೆ 998ನೇ ಇಸವಿಯನ್ನು ದಾಟಿ ಮುಂದೆ ಹೋಗೋದಿಲ್ಲ, ಅದು ಪ್ರಕಾಶಕರು ಬೇಕಂತಲೇ ಮಾಡಿದ ನಿಯಮ. 2004ರಿಂದ ಜೇಲಾಗೆ ಹನ್ನೊಂದೇ ವಯಸ್ಸು. ಅವಳು ದೊಡ್ಡವಳಾಗಿ ಕ್ರೋಜನ್‌ನನ್ನು ಹೊರಗೆ ಹಾಕುತ್ತಾಳಾ, ಅಥವಾ ಅವನ ಕೈಗೊಂಬೆಯಾಗುತ್ತಾಳಾ ಅನ್ನೋದನ್ನು ಒಂದೊಂದು ಟೇಬಲ್‌ನವರೂ ತಾವೇ ಆಡಿ ತಿಳಿಯಬೇಕು. ನಮ್ಮ ಟೇಬಲ್‌ನಲ್ಲಿ ಸದ್ಯಕ್ಕೆ ಕ್ರೋಜನ್‌ನದೇ ಮೇಲುಗೈ. ಆಟಗಾರರೇ ಅವನಿಗೆ ಓಟು ಹಾಕಿದ್ದು.